ನಿಂತ ಗಾಡಿ, ಓಡುವ ಗಾಡಿ: ನಗರ ಸಾರಿಗೆಯ ಮ್ಯೂಸಿಯಂಗಳಲ್ಲಿ ಯಾವುದನ್ನು ಆರಿಸಬೇಕು?

ನಗರ ಸಾರಿಗೆಯ ಚರಿತ್ರೆಗೆಂದೇ ಮೀಸಲಾದ ಮ್ಯೂಸಿಯಂಗಳ ಬಗ್ಗೆ ಪ್ರವಾಸಿ ಕೈಪಿಡಿಗಳು ಹೇಳುವುದು ಬಹುಮಟ್ಟಿಗೆ ಒಂದೇ ಮಾತು: ಹಳೆಯ ಬಸ್ಸು, ಟ್ರಾಮ್, ರೈಲುಗಳ ಸಂಗ್ರಹವಿದೆ, ಮಕ್ಕಳಿಗೆ ಹಿಡಿಸುತ್ತದೆ, ಎರಡು ಗಂಟೆ ಸಾಕು. ಈ ಮಾತು ಲಂಡನ್ನಿನ ಮ್ಯೂಸಿಯಂಗೂ ಸಲ್ಲುತ್ತದೆ, ನ್ಯೂಯಾರ್ಕಿನದಕ್ಕೂ ಸಲ್ಲುತ್ತದೆ, ಕೋಲ್ಕತ್ತದಲ್ಲಿ ಒಂದೇ ಟ್ರಾಮಿನೊಳಗೆ ಜೋಡಿಸಿಟ್ಟಿರುವ ಪುಟ್ಟ ಸಂಗ್ರಹಕ್ಕೂ ಸಲ್ಲುತ್ತದೆ. ಎಲ್ಲಕ್ಕೂ ಸಲ್ಲುವುದರಿಂದಲೇ ಆಯ್ಕೆ ಮಾಡಬೇಕಾದವರಿಗೆ ಅದರಿಂದ ಯಾವ ಉಪಯೋಗವೂ ಇಲ್ಲ. ಸಂಗ್ರಹ ಎಷ್ಟು ದೊಡ್ಡದು ಎಂಬುದನ್ನು ನೋಡಿ ತೀರ್ಮಾನಿಸುವುದೂ ಸರಿಯಲ್ಲ, ಏಕೆಂದರೆ ಹತ್ತಾರು ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ ಶೆಡ್ಡಿಗಿಂತ ಕೆಲವೇ ಬೋಗಿಗಳಿರುವ ಒಂದು ಹಳೆಯ ಸುರಂಗ ಹೆಚ್ಚು ತಿಳಿವಳಿಕೆ ಕೊಡಬಲ್ಲದು.

ನನ್ನ ದೃಷ್ಟಿಯಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆ ಮ್ಯೂಸಿಯಂನಲ್ಲಿ ಗಾಡಿ ಯಾವ ಸ್ಥಿತಿಯಲ್ಲಿದೆ? ಅದನ್ನು ಬೀದಿಯಿಂದಲೋ ಸುರಂಗದಿಂದಲೋ ತಂದು ಸಭಾಂಗಣವೊಂದರಲ್ಲಿ ನಿಲ್ಲಿಸಲಾಗಿದೆಯೇ, ಅದು ಓಡಾಡಿದ ಬಗೆಯ ನಿಲ್ದಾಣದಲ್ಲೇ ಉಳಿಸಿಕೊಳ್ಳಲಾಗಿದೆಯೇ, ಇಂದಿಗೂ ಪ್ರಯಾಣಿಕರನ್ನು ಹತ್ತಿಸಿಕೊಂಡು ಹಳಿಯ ಮೇಲೆ ಓಡುತ್ತಿದೆಯೇ, ಅಥವಾ ಗಾಡಿಗಿಂತ ಅದನ್ನು ಎಳೆದ ಯಂತ್ರಕ್ಕೇ ಅಲ್ಲಿ ಪ್ರಾಧಾನ್ಯವಿದೆಯೇ? ಈ ನಾಲ್ಕರಲ್ಲಿ ನಮಗೆ ಬೇಕಾದದ್ದು ಯಾವುದು ಎಂದು ನಿಶ್ಚಯವಾದರೆ ಯಾವ ಊರಿಗೆ, ಯಾವ ದಿನ, ಯಾರ ಜೊತೆ ಹೋಗಬೇಕು ಎಂಬ ಉಳಿದ ಪ್ರಶ್ನೆಗಳು ತಾವಾಗಿ ಬಗೆಹರಿಯುತ್ತವೆ.

ನಗರದ ಕಥೆಯನ್ನು ಕ್ರಮವಾಗಿ ಹೇಳುವವು

ಮೊದಲ ಬಗೆಗೆ ಲಂಡನ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕೋವೆಂಟ್ ಗಾರ್ಡನ್‌ನಲ್ಲಿ ಹಿಂದೆ ಹೂವಿನ ಮಾರುಕಟ್ಟೆಯಾಗಿದ್ದ ಕಬ್ಬಿಣ ಮತ್ತು ಗಾಜಿನ ಕಟ್ಟಡದಲ್ಲಿ 1980ರಲ್ಲಿ ತೆರೆದ ಈ ಮ್ಯೂಸಿಯಂನಲ್ಲಿ ಸಂದರ್ಶಕರು ಲಿಫ್ಟಿನಲ್ಲಿ ಮೇಲಿನ ಅಂತಸ್ತಿಗೆ ಹೋಗಿ ಅಲ್ಲಿಂದ ಕೆಳಗಿಳಿಯುತ್ತ ಬರುತ್ತಾರೆ, ಇಳಿದಂತೆಲ್ಲ ಕಾಲ ಮುಂದಕ್ಕೆ ಸಾಗುತ್ತದೆ. 1829ರಲ್ಲಿ ಜಾರ್ಜ್ ಶಿಲಿಬಿಯರ್ ಪ್ಯಾಡಿಂಗ್ಟನ್‌ನಿಂದ ಬ್ಯಾಂಕ್ ಎಂಬ ಪ್ರದೇಶದವರೆಗೆ ಓಡಿಸಿದ, ಮೂರು ಕುದುರೆಗಳು ಎಳೆಯುತ್ತಿದ್ದ ಆಮ್ನಿಬಸ್ಸಿನ ಪ್ರತಿಕೃತಿಯಿಂದ ಕಥೆ ಆರಂಭವಾಗುತ್ತದೆ. ಮುಂದೆ ಬಂದ ಕುದುರೆ ಬಸ್ಸುಗಳ ಕಾಲದಲ್ಲಿ ಒಂದು ಬಸ್ಸನ್ನು ದಿನವಿಡೀ ರಸ್ತೆಯ ಮೇಲಿಡಲು ಹತ್ತಕ್ಕೂ ಹೆಚ್ಚು ಕುದುರೆಗಳನ್ನು ಸರದಿಯ ಮೇಲೆ ಕಟ್ಟಬೇಕಾಗುತ್ತಿತ್ತು ಎಂಬುದು ಗೊತ್ತಾದಾಗ, ಬಸ್ಸಿನ ಖರ್ಚೆಂದರೆ ಬಹುಪಾಲು ಮೇವು ಮತ್ತು ಲಾಯದ ಖರ್ಚೇ ಆಗಿತ್ತೆಂಬುದು ಅರ್ಥವಾಗುತ್ತದೆ. ಮೋಟಾರು ಬಂದ ಮೇಲೆ ಕುದುರೆ ಅಷ್ಟು ಬೇಗ ಬೀದಿಯಿಂದ ಮರೆಯಾದದ್ದಕ್ಕೆ ಕಾರಣ ವೇಗವೊಂದೇ ಅಲ್ಲ.

ಈ ಮ್ಯೂಸಿಯಂನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಎರಡು ವಸ್ತುಗಳು ಅಕ್ಕಪಕ್ಕದ ಕಾಲದವು. ಒಂದು, 1866ರಲ್ಲಿ ತಯಾರಾದ ಮೆಟ್ರೊಪಾಲಿಟನ್ ರೈಲ್ವೆಯ 23ನೆಯ ಸಂಖ್ಯೆಯ ಉಗಿ ಇಂಜಿನ್. ಜಗತ್ತಿನ ಮೊದಲ ನೆಲದಡಿಯ ರೈಲುಮಾರ್ಗ 1863ರ ಜನವರಿಯಲ್ಲಿ ಆರಂಭವಾದಾಗ ವಿದ್ಯುತ್ ರೈಲು ಇನ್ನೂ ಬಂದಿರಲಿಲ್ಲ, ಹೊಗೆಯುಗುಳುವ ಇಂಜಿನ್ನುಗಳೇ ಸುರಂಗದಲ್ಲಿ ಓಡಬೇಕಿತ್ತು. ಅದಕ್ಕಾಗಿ ಬಳಸಿದ ಉಗಿಯನ್ನು ದಪ್ಪ ಕೊಳವೆಗಳ ಮೂಲಕ ಪಕ್ಕದ ನೀರಿನ ತೊಟ್ಟಿಗಳಿಗೆ ತಿರುಗಿಸಿ ತಣಿಸುವ ಏರ್ಪಾಟು ಮಾಡಿದ್ದರು. ಆ ಕೊಳವೆಗಳು ಇಂಜಿನ್ನಿನ ಎರಡೂ ಬದಿಯಲ್ಲಿ ಬರಿಗಣ್ಣಿಗೆ ಕಾಣುತ್ತವೆ. ಉಗಿಯೇನೋ ತಣಿಯುತ್ತಿತ್ತು, ಹೊಗೆ ಮಾತ್ರ ಸುರಂಗದಲ್ಲೇ ಉಳಿಯುತ್ತಿತ್ತು. ಇನ್ನೊಂದು, 1890ರಲ್ಲಿ ಆರಂಭವಾದ ಸಿಟಿ ಆ್ಯಂಡ್ ಸೌತ್ ಲಂಡನ್ ರೈಲ್ವೆಯ ವಿದ್ಯುತ್ ರೈಲಿನ ಬೋಗಿ. ಆಳದ ಸುರಂಗದಲ್ಲಿ ಹೊರಗೆ ನೋಡಲು ಏನೂ ಇಲ್ಲವೆಂದು ತೀರ್ಮಾನಿಸಿ ಕಿಟಕಿಗಳನ್ನು ಚಾವಣಿಯ ಹತ್ತಿರ ಕಿರಿದಾದ ಸೀಳುಗಳಂತೆ ಇಟ್ಟು, ಗೋಡೆಯುದ್ದಕ್ಕೂ ಎತ್ತರದ ಮೆತ್ತೆ ಹೊದಿಸಿದ್ದರು. ಒಳಗೆ ಕೂತವರಿಗೆ ಯಾವ ನಿಲ್ದಾಣ ಬಂದಿದೆಯೆಂದು ಕಾಣುತ್ತಿರಲಿಲ್ಲವಾದ್ದರಿಂದ ಬೋಗಿಯ ತುದಿಯಲ್ಲಿದ್ದ ನೌಕರ ನಿಲ್ದಾಣದ ಹೆಸರನ್ನು ಕೂಗಿ ಹೇಳಬೇಕಾಗಿತ್ತು. ಜನ ಅದಕ್ಕೆ ಹುಚ್ಚರನ್ನು ಕೂಡಿಹಾಕುವ ಮೆತ್ತೆಯ ಕೋಣೆಯೆಂದು ಅಡ್ಡಹೆಸರಿಟ್ಟರು. ಪ್ರಯಾಣಿಕನಿಗೆ ಏನು ಬೇಕು ಎಂಬುದನ್ನು ಇಂಜಿನಿಯರುಗಳು ಎಷ್ಟು ತಪ್ಪಾಗಿ ಊಹಿಸಬಲ್ಲರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿಯನ್ನು ನಾನು ಬೇರೆ ಯಾವ ಮ್ಯೂಸಿಯಂನಲ್ಲೂ ಕಂಡಿಲ್ಲ.

ಗಾಡಿಗಳಲ್ಲಿ ಆಸಕ್ತಿಯಿಲ್ಲದವರಿಗೂ ಲಂಡನ್ ಒಗ್ಗುತ್ತದೆ ಎಂಬುದು ಅದರ ಇನ್ನೊಂದು ಗುಣ. ಎಡ್ವರ್ಡ್ ಜಾನ್‌ಸ್ಟನ್ 1916ರಲ್ಲಿ ರೂಪಿಸಿದ ಅಕ್ಷರಗಳು, ಹ್ಯಾರಿ ಬೆಕ್ ಊರಿನ ನಿಜವಾದ ದೂರಗಳನ್ನು ಬದಿಗಿಟ್ಟು ನೇರ ಗೆರೆಗಳಲ್ಲೇ ಬರೆದ, 1933ರಲ್ಲಿ ಪ್ರಕಟವಾದ ಸುರಂಗ ರೈಲಿನ ನಕ್ಷೆ, ಸಾರಿಗೆ ಸಂಸ್ಥೆಯ ಅಧಿಕಾರಿ ಫ್ರಾಂಕ್ ಪಿಕ್ ಕಲಾವಿದರಿಂದ ಬರೆಸಿದ ಭಿತ್ತಿಪತ್ರಗಳು, ಇವೆಲ್ಲ ಇಂದಿನ ಯಾವುದೇ ಮೆಟ್ರೊ ನಿಲ್ದಾಣದ ಗೋಡೆಯನ್ನು ಓದುವ ಬಗೆಯನ್ನು ಕಲಿಸುತ್ತವೆ. 1956ರಿಂದ ಲಂಡನ್ ಟ್ರಾನ್ಸ್‌ಪೋರ್ಟ್ ಸಂಸ್ಥೆ ಬಾರ್ಬಡೋಸ್ ದ್ವೀಪದಲ್ಲೇ ನೇರವಾಗಿ ಕಂಡಕ್ಟರುಗಳನ್ನೂ ನಿಲ್ದಾಣದ ಸಿಬ್ಬಂದಿಯನ್ನೂ ನೇಮಿಸಿಕೊಂಡ ಸಂಗತಿಯಂತಹ ದುಡಿಮೆಯ ಚರಿತ್ರೆಯೂ ಈ ಕಥೆಯ ಭಾಗ. ಕೊರತೆಯೆಂದರೆ, ಇಲ್ಲಿ ಏನೂ ಓಡುವುದಿಲ್ಲ. ಶಾಲಾ ರಜೆಯ ದಿನಗಳಲ್ಲಿ ಮಕ್ಕಳ ಗುಂಪುಗಳ ನಡುವೆ ಫಲಕ ಓದುವುದು ಸುಲಭವಲ್ಲ. ಜೊತೆಗೆ ಸಂಗ್ರಹದ ದೊಡ್ಡ ಪಾಲು ಇರುವುದು ಇಲ್ಲಲ್ಲ, ನಗರದ ಪಶ್ಚಿಮದ ಆ್ಯಕ್ಟನ್ ಡಿಪೋದಲ್ಲಿ. ಆ ಡಿಪೋ ವರ್ಷದ ಕೆಲವೇ ದಿನ ಸಾರ್ವಜನಿಕರಿಗೆ ತೆರೆಯುತ್ತದೆ. ಗಾಡಿಗಳ ಬಗ್ಗೆ ಆಗಲೇ ಸಾಕಷ್ಟು ತಿಳಿದವರು ಕೋವೆಂಟ್ ಗಾರ್ಡನ್ನನ್ನು ಬಿಟ್ಟರೂ ಚಿಂತೆಯಿಲ್ಲ, ಆ್ಯಕ್ಟನ್ ತೆರೆಯುವ ದಿನಕ್ಕೆ ಪ್ರವಾಸವನ್ನು ಹೊಂದಿಸಿಕೊಳ್ಳಬೇಕು. ಮೊದಲ ಬಾರಿ ಹೋಗುವವರ ವಿಷಯದಲ್ಲಿ ನನ್ನ ಸಲಹೆ ಇದಕ್ಕೆ ತದ್ವಿರುದ್ಧ, ಏಕೆಂದರೆ ಡಿಪೋದಲ್ಲಿ ವಸ್ತುಗಳಿವೆ, ಅವುಗಳನ್ನು ಜೋಡಿಸುವ ಕಥೆ ಇಲ್ಲ.

ಇದೇ ಬಗೆಯಲ್ಲಿ ಟೋಕಿಯೊದ ಮೆಟ್ರೊ ಮ್ಯೂಸಿಯಂ ಚಿಕ್ಕದು, ಆದರೆ ಅಚ್ಚುಕಟ್ಟಾದದ್ದು. 1986ರಲ್ಲಿ ಕಸಾಯ್ ನಿಲ್ದಾಣದ ಬಳಿ ತೆರೆದ ಈ ಸುರಂಗ ರೈಲಿನ ಮ್ಯೂಸಿಯಂ ಇರುವುದು ನೆಲದಡಿಯಲ್ಲಲ್ಲ, ಎತ್ತರಿಸಿದ ರೈಲುಮಾರ್ಗದ ಕಂಬಗಳ ಕೆಳಗೆ. 1927ರ ಡಿಸೆಂಬರ್ 30ರಂದು ಉಎನೊ ಮತ್ತು ಅಸಾಕುಸಾ ನಡುವೆ ಓಡಿದ, ಏಷ್ಯಾದ ಮೊದಲ ಸುರಂಗ ರೈಲಿನ 1001 ಸಂಖ್ಯೆಯ ಹಳದಿ ಬೋಗಿ ಅಲ್ಲಿದೆ; ನಾಣ್ಯ ಹಾಕಿದರೆ ತಿರುಗುವ ಅಂದಿನ ಕಾಲದ ಪ್ರವೇಶದ್ವಾರವೂ ಇದೆ. ರೈಲು ಓಡಿಸುವ ಸಿಮ್ಯುಲೇಟರುಗಳ ಮುಂದೆ ಮಕ್ಕಳಷ್ಟೇ ಅಲ್ಲದೆ ದೊಡ್ಡವರೂ ಸಾಲು ನಿಲ್ಲುತ್ತಾರೆ. ವಿಯೆನ್ನಾದ ಎರ್ಡ್‌ಬರ್ಗ್‌ನಲ್ಲಿ ಹಳೆಯ ಟ್ರಾಮ್ ಡಿಪೋವನ್ನೇ ಮ್ಯೂಸಿಯಂ ಮಾಡಿ 2014ರಲ್ಲಿ ಹೊಸದಾಗಿ ತೆರೆದ ರೆಮಿಸೆಯೂ ಇದೇ ಸಾಲಿನದು. ಅಲ್ಲಿ ಟ್ರಾಮುಗಳು ತಮ್ಮ ಹಳಿಯ ಮೇಲೆಯೇ ನಿಂತಿರುತ್ತವೆ ಎಂಬುದು ಲಂಡನ್ನಿಗಿಂತ ಅದಕ್ಕಿರುವ ಅನುಕೂಲ.

ನಿಲ್ದಾಣವೇ ಮ್ಯೂಸಿಯಂ ಆದಾಗ

ನ್ಯೂಯಾರ್ಕ್ ಟ್ರಾನ್ಸಿಟ್ ಮ್ಯೂಸಿಯಂಗೆ ಹೋಗುವವರು ಮೊದಲ ಸಲ ದಾರಿ ತಪ್ಪುವುದು ಸಹಜ, ಏಕೆಂದರೆ ಹೊರಗಿನಿಂದ ಅದು ಬ್ರೂಕ್ಲಿನ್ನಿನ ಕಾಲುದಾರಿಯ ಮೇಲಿರುವ ಮತ್ತೊಂದು ಸಬ್‌ವೇ (ಅಂದರೆ ಸುರಂಗ ರೈಲಿನ) ಮೆಟ್ಟಿಲಿನಂತೆಯೇ ಕಾಣುತ್ತದೆ. ಕಾರಣ ಸರಳ: ಅದು ನಿಜವಾಗಿಯೂ ಸಬ್‌ವೇ ನಿಲ್ದಾಣವೇ. 1936ರಲ್ಲಿ ತೆರೆದ ಕೋರ್ಟ್ ಸ್ಟ್ರೀಟ್ ನಿಲ್ದಾಣಕ್ಕೆ ಪ್ರಯಾಣಿಕರು ಸಾಲದೆ ಹತ್ತೇ ವರ್ಷದಲ್ಲಿ, 1946ರಲ್ಲಿ, ಅದನ್ನು ಮುಚ್ಚಿದರು. ಆಮೇಲೆ ಬಹುಕಾಲ ಸಿನಿಮಾ ಚಿತ್ರೀಕರಣಕ್ಕೆ ಬಳಕೆಯಾದ ಆ ಜಾಗದಲ್ಲಿ, ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷದ ಅಂಗವಾಗಿ 1976ರ ಜುಲೈ 4ರಂದು ಪ್ರದರ್ಶನವೊಂದನ್ನು ಏರ್ಪಡಿಸಿದರು, ತಾತ್ಕಾಲಿಕವೆಂದುಕೊಂಡದ್ದು ಶಾಶ್ವತವಾಯಿತು.

ಕೆಳಗಿನ ಪ್ಲಾಟ್‌ಫಾರ್ಮಿನ ಎರಡೂ ಬದಿಯಲ್ಲಿ ಹಳೆಯ ಬೋಗಿಗಳು ಬಾಗಿಲು ತೆರೆದು ನಿಂತಿವೆ, ಹತ್ತಿ ಕೂರಬಹುದು. ಮರದ ಮೈಯ ಎತ್ತರಿಸಿದ ಮಾರ್ಗದ ಬೋಗಿಯಿಂದ ಹಿಡಿದು, ಬೆತ್ತದ ಸೀಟು, ಬುರುಡೆ ದೀಪ, ಚಾವಣಿಯಲ್ಲಿ ತಿರುಗುವ ಫ್ಯಾನುಗಳಿದ್ದ 1930ರ ದಶಕದ ಬೋಗಿಯವರೆಗೆ ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಬಹುದು. ಕಿಟಕಿಯ ಮೇಲಿನ ಪಟ್ಟಿಯಲ್ಲಿ ಆಯಾ ಕಾಲದ ಜಾಹೀರಾತುಗಳನ್ನೇ ಇಟ್ಟಿದ್ದಾರೆ. ಸಭಾಂಗಣದಲ್ಲಿ ನಿಲ್ಲಿಸಿದ ಬೋಗಿಯನ್ನು ನಾವು ಹೊರಗಿನಿಂದ, ಅದರ ಚಕ್ರದ ಮಟ್ಟದಿಂದ ತಲೆಯೆತ್ತಿ ನೋಡುತ್ತೇವೆ. ಪ್ರಯಾಣಿಕ ಅದನ್ನು ಎಂದೂ ಹಾಗೆ ನೋಡಿರುವುದಿಲ್ಲ. ಪ್ಲಾಟ್‌ಫಾರ್ಮಿನಿಂದ ಸಮಮಟ್ಟದಲ್ಲಿ ಒಳಗೆ ಕಾಲಿಟ್ಟಾಗ ಬಾಗಿಲಿನ ಅಗಲ, ನಿಲ್ಲುವ ಜಾಗ, ಹಿಡಿಕೆಯ ಎತ್ತರ ಎಲ್ಲವೂ ಮೈಗೆ ನೇರವಾಗಿ ತಿಳಿಯುತ್ತವೆ. ಇಂದಿಗೂ ಈ ಹಳಿಗಳು ಬಳಕೆಯಲ್ಲಿರುವ ಜಾಲಕ್ಕೆ ಜೋಡಿಕೊಂಡಿದ್ದು, ವಿದ್ಯುತ್ ಹರಿಯುವ ಮೂರನೆಯ ಹಳಿಯೂ ಜೀವಂತವಾಗಿದೆ. ಹಾಗಾಗಿಯೇ ಕೆಲವು ವಿಶೇಷ ದಿನಗಳಲ್ಲಿ ಹಳೆಯ ಬೋಗಿಗಳನ್ನು ನಿಜವಾದ ಮಾರ್ಗದ ಮೇಲೆ ಓಡಿಸಲು ಸಾಧ್ಯವಾಗುತ್ತದೆ.

ಮೇಲಂತಸ್ತಿನಲ್ಲಿರುವ ಟರ್ನ್‌ಸ್ಟೈಲುಗಳ, ಅಂದರೆ ತಿರುಗುವ ಪ್ರವೇಶದ್ವಾರಗಳ, ಸಾಲನ್ನು ಬಹಳ ಜನ ಅವಸರದಲ್ಲಿ ದಾಟಿಬಿಡುತ್ತಾರೆ, ಅದು ನಷ್ಟ. ಸಬ್‌ವೇ ಆರಂಭವಾದ 1904ರಿಂದ 1948ರವರೆಗೆ ಟಿಕೆಟ್ ದರ ಐದು ಸೆಂಟಿನಿಂದ ಕದಲಲಿಲ್ಲ. ದರ ಏರಿಸಲು ರಾಜಕಾರಣಿಗಳಿಗೆ ಧೈರ್ಯವಿರಲಿಲ್ಲ, ಖರ್ಚು ಮಾತ್ರ ಏರುತ್ತಲೇ ಇತ್ತು, ಖಾಸಗಿ ಕಂಪನಿಗಳ ಸೋಲಿಗೆ ಇದು ದೊಡ್ಡ ಕಾರಣವಾಯಿತು. 1948ರಲ್ಲಿ ಹತ್ತು ಸೆಂಟ್ ಆದಾಗ ತೊಂದರೆಯಾಗಲಿಲ್ಲ, ಹತ್ತು ಸೆಂಟಿಗೆ ಒಂದೇ ನಾಣ್ಯವಿತ್ತು. 1953ರಲ್ಲಿ ಹದಿನೈದಕ್ಕೆ ಏರಿದಾಗ ಎರಡು ಬೇರೆ ಬೇರೆ ನಾಣ್ಯಗಳನ್ನು ಒಟ್ಟಿಗೆ ತೆಗೆದುಕೊಳ್ಳುವ ಯಂತ್ರ ಇರಲಿಲ್ಲವಾದ್ದರಿಂದ ಟೋಕನ್ ಹುಟ್ಟಿತು. ಒಂದು ಲೋಹದ ಬಿಲ್ಲೆಯ ಹಿಂದೆ ಇಷ್ಟೆಲ್ಲ ಲೆಕ್ಕಾಚಾರವಿದೆ ಎಂದು ತೋರಿಸುವ ಮ್ಯೂಸಿಯಂ, ಐವತ್ತು ಗಾಡಿಗಳನ್ನು ಒಣ ಫಲಕಗಳೊಂದಿಗೆ ನಿಲ್ಲಿಸಿದ ಮ್ಯೂಸಿಯಂಗಿಂತ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಬುಡಾಪೆಸ್ಟಿನ ಮ್ಯೂಸಿಯಂ ಇದೇ ಬಗೆಯ ಅತಿ ಚಿಕ್ಕ ರೂಪ. 1896ರಲ್ಲಿ ತೆರೆದ, ಯೂರೋಪ್ ಭೂಖಂಡದ ಮೊದಲ ಸುರಂಗ ರೈಲಿನ ಒಂದು ತುಂಡು ಸುರಂಗವನ್ನು, 1950ರ ದಶಕದಲ್ಲಿ ಮಾರ್ಗ ಬದಲಾದ ಮೇಲೆ ಕೈಬಿಟ್ಟಿದ್ದರು. 1975ರಲ್ಲಿ ಡೇಆಕ್ ಚೌಕದಡಿಯ ಆ ತುಂಡಿನಲ್ಲಿ ಹಳೆಯ ಬೋಗಿಗಳನ್ನು ಇರಿಸಿದರು. ಆಂಡ್ರಾಶಿ ಹೆದ್ದಾರಿಯ ಅಂದ ಕೆಡಬಾರದೆಂದು ಅದರ ಮೇಲೆ ಟ್ರಾಮ್ ಬಿಡದೆ, ರಸ್ತೆಯನ್ನು ಅಗೆದು ಅದರ ಅಡಿಯಲ್ಲೇ ಹೆಚ್ಚು ಆಳವಿಲ್ಲದಂತೆ ಕಟ್ಟಿದ ಸುರಂಗವದು. ಸುರಂಗ ಗಿಡ್ಡವಾದ್ದರಿಂದ ಬೋಗಿಯೂ ಗಿಡ್ಡ. ಪ್ರತ್ಯೇಕ ಪ್ರವಾಸಕ್ಕೆ ಇದು ಸಾಲದು, ಆದರೆ ಆ ಊರಿನಲ್ಲಿದ್ದೂ ಇದನ್ನು ನೋಡದೆ ಬರುವುದು ತಪ್ಪು. ಕೋಲ್ಕತ್ತದ ಎಸ್‌ಪ್ಲನೇಡ್‌ನಲ್ಲಿ 1938ರ ಟ್ರಾಮ್ ಗಾಡಿಯೊಂದರ ಒಳಗೇ 2014ರಲ್ಲಿ ತೆರೆದ ಸ್ಮರಣಿಕಾ ಎಂಬ ಮ್ಯೂಸಿಯಂ, 2009ರಲ್ಲಿ ದೆಹಲಿಯ ಪಟೇಲ್ ಚೌಕ್ ನಿಲ್ದಾಣದೊಳಗೆ ಆರಂಭವಾದ ಮೆಟ್ರೊ ಮ್ಯೂಸಿಯಂ, ಇವನ್ನೂ ಇದೇ ಅಳತೆಯಿಂದ ನೋಡಬೇಕು. 1873ರಲ್ಲಿ ಕುದುರೆ ಟ್ರಾಮ್ ಕಂಡ ಕೋಲ್ಕತ್ತದ ಹಳೆಯ ಟಿಕೆಟುಗಳನ್ನು ಟ್ರಾಮಿನ ಸೀಟಿನ ಪಕ್ಕದಲ್ಲೇ ನೋಡುವುದಕ್ಕೆ ಇರುವ ಅರ್ಥ ಗಾಜಿನ ದೊಡ್ಡ ಕಟ್ಟಡಕ್ಕೆ ಸಾಗಿಸಿದರೆ ಉಳಿಯುವುದಿಲ್ಲ.

ಓಡುವ ಟ್ರಾಮುಗಳು

ಇಂಗ್ಲೆಂಡಿನ ಡರ್ಬಿಶೈರ್‌ನ ಕ್ರಿಚ್, ಅಮೆರಿಕದ ಮೇನ್ ರಾಜ್ಯದ ಸೀಶೋರ್, ಬೆಲ್ಜಿಯಂನ ಬ್ರಸೆಲ್ಸ್, ಈ ಮೂರೂ ಕಡೆ ಟ್ರಾಮ್ ಹತ್ತಿ ಪ್ರಯಾಣ ಮಾಡಬಹುದು, ಆದರೆ ಮೂರರ ಸ್ವಭಾವ ಬೇರೆ ಬೇರೆ. ಕ್ರಿಚ್ ಹಳೆಯ ಸುಣ್ಣಕಲ್ಲಿನ ಗಣಿಯಲ್ಲಿ ಹವ್ಯಾಸಿಗಳು ತಾವೇ ಹಳಿ ಹಾಸಿ ಕಟ್ಟಿದ ಬೀದಿ. ಬೇರೆ ಊರುಗಳಲ್ಲಿ ಕೆಡವುತ್ತಿದ್ದ ಕಟ್ಟಡಗಳ ಮುಖಭಾಗಗಳನ್ನು ತಂದು ಇಲ್ಲಿ ನಿಲ್ಲಿಸಿದ್ದಾರೆ. 1948ರಲ್ಲಿ ಸೌತಾಂಪ್ಟನ್ನಿನ 45ನೆಯ ಸಂಖ್ಯೆಯ ಟ್ರಾಮನ್ನು ಗುಜರಿಗೆ ಹೋಗುವ ಮೊದಲು ಕೆಲವರು ಹತ್ತು ಪೌಂಡಿಗೆ ಕೊಂಡುಕೊಂಡದ್ದು ಈ ಸಾಹಸದ ಮೂಲ, ಅದನ್ನು ಇಡಲು ಜಾಗ ಹುಡುಕುತ್ತ ಅವರು 1959ರಲ್ಲಿ ಈ ಗಣಿಗೆ ಬಂದರು. 1964ರಿಂದ ಇಲ್ಲಿ ವಿದ್ಯುತ್ ಟ್ರಾಮ್ ಓಡುತ್ತಿದೆ. ಒಳಗೆ ಬರುವವರ ಕೈಗೆ ಹಳೆಯ ಪೆನ್ನಿ ನಾಣ್ಯವೊಂದನ್ನು ಕೊಡುತ್ತಾರೆ, ಅದನ್ನು ಕಂಡಕ್ಟರನಿಗೆ ಕೊಟ್ಟು ಟಿಕೆಟ್ ಪಡೆಯಬೇಕು. ಆಮೇಲೆ ದಿನವಿಡೀ ಎಷ್ಟು ಸಲ ಬೇಕಾದರೂ ಹತ್ತಬಹುದು.

ಓಡುವ ಟ್ರಾಮಿನಲ್ಲಿ ನೋಡಲೇಬೇಕಾದದ್ದು ಕೊನೆಯ ನಿಲ್ದಾಣದಲ್ಲಿ ನಡೆಯುವ ಕೆಲಸ. ಟ್ರಾಮ್ ತಿರುಗುವುದಿಲ್ಲ, ಅದರ ಎರಡೂ ತುದಿಯಲ್ಲಿ ಚಾಲಕನ ಜಾಗವಿದೆ. ಚಾಲಕ ತನ್ನ ಹಿಡಿಕೆಯನ್ನು ಕಳಚಿಕೊಂಡು ಗಾಡಿಯೊಳಗೇ ನಡೆದು ಆ ತುದಿಗೆ ಹೋಗುತ್ತಾನೆ. ಕಂಡಕ್ಟರ್ ಕೆಳಗಿಳಿದು, ತಂತಿಗೆ ತಾಗಿಕೊಂಡಿರುವ ಟ್ರಾಲಿ ಕಂಬವನ್ನು ಕೆಳಗೆಳೆದು ಅರ್ಧ ಸುತ್ತು ನಡೆದು ಮತ್ತೆ ತಂತಿಗೆ ಸೇರಿಸುತ್ತಾನೆ, ಕಂಬದ ತುದಿ ತಂತಿಗೆ ಕೂರುವಾಗ ಒಮ್ಮೊಮ್ಮೆ ಕಿಡಿ ಹಾರುತ್ತದೆ. ಅಷ್ಟರಲ್ಲಿ ಒಳಗೆ ಸೀಟುಗಳ ಬೆನ್ನೊರಗುಗಳನ್ನು ಒಂದೊಂದಾಗಿ ಆಚೆ ಬದಿಗೆ ತಳ್ಳಿ, ಪ್ರಯಾಣಿಕರು ಮತ್ತೆ ಮುಂದಕ್ಕೆ ಮುಖ ಮಾಡಿ ಕೂರುವಂತೆ ಮಾಡುತ್ತಾರೆ. ನಿಂತ ಗಾಡಿಯಲ್ಲಿ ಆ ಬೆನ್ನೊರಗಿನ ಹಿತ್ತಾಳೆಯ ಹಿಡಿಯನ್ನು ಅಲಂಕಾರವೆಂದುಕೊಂಡು ದಾಟಿಬಿಡುವವರೇ ಹೆಚ್ಚು. ನೂರಾರು ಕೈಗಳು ದಿನಕ್ಕೆ ಹತ್ತಾರು ಬಾರಿ ಹಿಡಿದು ಎಳೆದ ಭಾಗ ಅದು, ಅಂಚು ಸವೆದು ನುಣುಪಾಗಿರುವುದು ಅದಕ್ಕೇ.

ಸೀಶೋರ್ ವಯಸ್ಸಿನಲ್ಲಿ ಹಿರಿಯದು, 1939ರಲ್ಲಿ ಕೆಲವು ಯುವಕರು ನೂರೈವತ್ತು ಡಾಲರಿಗೆ ಒಂದು ಟ್ರಾಮ್ ಕೊಂಡು ಆರಂಭಿಸಿದ್ದು, ಈಗ ಇನ್ನೂರಕ್ಕೂ ಹೆಚ್ಚು ಗಾಡಿಗಳಿವೆ. ಆದರೆ ಅವುಗಳಲ್ಲಿ ಅನೇಕವು ದುರಸ್ತಿಗೆ ಕಾಯುತ್ತಿರುವಂಥವು. ತುಕ್ಕು, ಕಳಚಿದ ಹಲಗೆ, ಮೋಟಾರಿನ ಬಿಡಿ ಭಾಗಗಳನ್ನು ನೋಡಿ ಬೇಸರಿಸುವವರು ಅಲ್ಲಿಗೆ ಹೋಗಬಾರದು. ಬ್ರಸೆಲ್ಸ್‌ನ ವೊಲುವೆ ಡಿಪೋದ ಮ್ಯೂಸಿಯಂ ಈ ಇಬ್ಬರಿಗಿಂತ ಭಿನ್ನ, ಅದರ ಹಳೆಯ ಟ್ರಾಮುಗಳು ನಗರದ ಇಂದಿನ ಹಳಿಗಳ ಮೇಲೆಯೇ, ಹೊಸ ಟ್ರಾಮುಗಳ ಹಿಂದುಮುಂದೆ, ಮರಗಳ ಸಾಲಿನ ನಡುವೆ ಟೆರ್ವುರೆನ್ ಕಡೆಗೆ ಹೋಗುತ್ತವೆ. ಟ್ರಾಮ್ ಬೀದಿಗೆ ಸೇರಿದ ವಸ್ತು ಎಂದು ನಂಬುವವರು ಬ್ರಸೆಲ್ಸನ್ನೇ ಆರಿಸಬೇಕು. ಇಡೀ ದಿನ ಹಾಯಾಗಿ ಕಳೆಯಬೇಕೆನ್ನುವ ಕುಟುಂಬಕ್ಕೆ ಕ್ರಿಚ್ ಲೇಸು.

ಎಳೆಯುವ ಯಂತ್ರ

ಗಾಡಿಯನ್ನು ನೋಡಿದವರು ಅದನ್ನು ಎಳೆಯುವುದು ಏನು ಎಂದು ಕೇಳುವುದು ಕಡಿಮೆ. ಆ ಕುತೂಹಲವಿರುವವರಿಗೆ ಸ್ಯಾನ್ ಫ್ರಾನ್ಸಿಸ್ಕೊದ ಕೇಬಲ್ ಕಾರ್ ಮ್ಯೂಸಿಯಂಗೆ ಸಾಟಿಯಿಲ್ಲ, ಮತ್ತು ಈ ಲೇಖನದಲ್ಲಿ ಬಂದಿರುವ ಎಲ್ಲವುಗಳ ಪೈಕಿ ಒಂದನ್ನೇ ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ. ಇದು ಪ್ರತಿಕೃತಿಯೂ ಅಲ್ಲ, ನಿಲ್ಲಿಸಿದ ಯಂತ್ರವೂ ಅಲ್ಲ; ಊರಿನ ಕೇಬಲ್ ಕಾರುಗಳನ್ನು ಈ ಕ್ಷಣದಲ್ಲಿ ಎಳೆಯುತ್ತಿರುವ ಯಂತ್ರಾಗಾರದ ಒಳಗಿನ ಮೊಗಸಾಲೆಯೇ ಮ್ಯೂಸಿಯಂ. ಕಟಕಟೆ ಹಿಡಿದು ಕೆಳಗೆ ನೋಡಿದರೆ ಆಳೆತ್ತರವನ್ನು ಮೀರಿದ ಚಕ್ರಗಳು ಜೋಡಿಜೋಡಿಯಾಗಿ ತಿರುಗುತ್ತಿರುತ್ತವೆ, ಅವುಗಳನ್ನು ಸುತ್ತಿ ಬರುವ ನಾಲ್ಕು ಉಕ್ಕಿನ ಹಗ್ಗಗಳು ಗೋಡೆಯ ರಂಧ್ರದಿಂದ ರಸ್ತೆಯ ಅಡಿಗೆ ಹೋಗುತ್ತವೆ. ಹಗ್ಗದ ನಡುವೆ ನಾರಿನ ತಿರುಳು, ಅದರ ಸುತ್ತ ಉಕ್ಕಿನ ಎಳೆಗಳು. ದಪ್ಪ ಒಂದೂಕಾಲು ಇಂಚು. ಎಲ್ಲ ಹಗ್ಗಗಳೂ ಗಂಟೆಗೆ ಒಂಬತ್ತೂವರೆ ಮೈಲಿ, ಅಂದರೆ ಸುಮಾರು 15 ಕಿಲೋಮೀಟರ್ ವೇಗದಲ್ಲಿ ಬಿಡುವಿಲ್ಲದೆ ಓಡುತ್ತಿರುತ್ತವೆ. ಕಾರಿನಲ್ಲಿ ಮೋಟಾರೇ ಇಲ್ಲ. ಚಾಲಕ ಸನ್ನೆಯನ್ನು ಹಿಂದಕ್ಕೆಳೆದಾಗ ಕೆಳಗಿನ ಇಕ್ಕುಳ ರಸ್ತೆಯ ಸೀಳಿನೊಳಗೆ ಓಡುವ ಹಗ್ಗವನ್ನು ಕಚ್ಚುತ್ತದೆ, ಕಾರು ಹೊರಡುತ್ತದೆ. ಬಿಟ್ಟು ಬ್ರೇಕ್ ಹಾಕಿದರೆ ನಿಲ್ಲುತ್ತದೆ. ಬ್ರೇಕುಗಳಲ್ಲೊಂದು ಹಳಿಯ ಮೇಲೆ ಒತ್ತುವ ಮೆದು ಮರದ ತುಂಡು, ಕಡಿದಾದ ಇಳಿಜಾರಿನಲ್ಲಿ ಅದು ಕೆಲವೇ ದಿನಗಳಲ್ಲಿ ಸವೆದುಹೋಗುತ್ತದೆ.

1873ರಲ್ಲಿ ಆ್ಯಂಡ್ರೂ ಹ್ಯಾಲಿಡಿ ಕ್ಲೇ ಬೀದಿಯ ಏರಿನಲ್ಲಿ ಓಡಿಸಿದ ಮೊದಲ ಕೇಬಲ್ ಮಾರ್ಗದ 8ನೆಯ ಸಂಖ್ಯೆಯ ಗಾಡಿ ಇಲ್ಲಿದೆ, ಸವೆದ ಇಕ್ಕುಳಗಳೂ ಹಗ್ಗ ಹೆಣೆಯುವ ಉಪಕರಣಗಳೂ ಇವೆ. ಮ್ಯೂಸಿಯಂ ಪ್ರವೇಶಕ್ಕೆ ಹಣ ಕೊಡಬೇಕಾಗಿಲ್ಲ, ಒಂದು ಗಂಟೆ ಸಾಕು. ಒಂದು ಅನನುಕೂಲವನ್ನು ಹೇಳಲೇಬೇಕು: ಯಂತ್ರಗಳ ಭೋರ್ಗರೆತದಲ್ಲಿ ಮಾತು ಕೇಳಿಸುವುದಿಲ್ಲ, ಸಣ್ಣ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ.

ಪೋರ್ಚುಗಲ್‌ನ ಪೋರ್ಟೊದಲ್ಲಿ 1992ರಲ್ಲಿ ತೆರೆದ ಟ್ರಾಮ್ ಮ್ಯೂಸಿಯಂ ಕೂಡ ಇದೇ ಪ್ರಶ್ನೆಗೆ ಉತ್ತರ ಕೊಡುತ್ತದೆ, ಆದರೆ ಶಾಂತವಾಗಿ. ಟ್ರಾಮುಗಳಿಗೆ ವಿದ್ಯುತ್ ಉತ್ಪಾದಿಸುತ್ತಿದ್ದ ಮಸ್ಸರೆಲೊಸ್ ಸ್ಥಾವರದ ಕಟ್ಟಡವೇ ಮ್ಯೂಸಿಯಂ ಆಗಿದ್ದು, ಒಂದು ಸಭಾಂಗಣದಲ್ಲಿ ಗಾಡಿಗಳೂ ಇನ್ನೊಂದರಲ್ಲಿ ಯಂತ್ರಗಳೂ ಇವೆ. ಅಲ್ಲಿ ಯಂತ್ರಗಳು ತಿರುಗುವುದಿಲ್ಲ.

ಯಾರ ಜೊತೆ, ಯಾವ ದಿನ

ಐದಾರು ವರ್ಷದ ಮಕ್ಕಳಿದ್ದರೆ ಟೋಕಿಯೊ, ಲಂಡನ್ ಅಥವಾ ಕ್ರಿಚ್ ಸರಿ; ಬುಡಾಪೆಸ್ಟಿನ ಸುರಂಗದಲ್ಲಿ ಅವರು ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ವಯಸ್ಸಾದವರಿಗೂ ಗಾಲಿಕುರ್ಚಿ ಬಳಸುವವರಿಗೂ ಹಳೆಯ ಗಾಡಿಗಳ ಎತ್ತರದ ಮೆಟ್ಟಿಲು, ಕಿರಿದಾದ ಬಾಗಿಲು, ಮೇಲಂತಸ್ತಿಗೆ ಹೋಗುವ ಸುರುಳಿ ಏಣಿ ದೊಡ್ಡ ತೊಡಕು. ಕ್ರಿಚ್‌ನವರು ಬರ್ಲಿನ್ನಿನ ಟ್ರಾಮೊಂದನ್ನು ಇದಕ್ಕೆಂದೇ ಮಾರ್ಪಡಿಸಿ ಇಟ್ಟುಕೊಂಡಿದ್ದಾರೆ, ಅದು ಆ ದಿನ ಓಡುತ್ತದೆಯೇ ಎಂದು ಮುಂಚೆಯೇ ವಿಚಾರಿಸಬೇಕು. ಗಾಡಿಗಳನ್ನು ಓಡಿಸುವ ಮ್ಯೂಸಿಯಂಗಳಿಗೆ ಚಳಿಗಾಲದ ರಜೆ ಉಂಟು, ಕೆಲವು ವಾರಾಂತ್ಯಗಳಲ್ಲಷ್ಟೇ ತೆರೆಯುತ್ತವೆ. ಬಾಗಿಲು ತೆರೆದಿರುವ ದಿನವೆಲ್ಲ ಗಾಡಿ ಓಡುವ ದಿನವೂ ಆಗಿರಬೇಕೆಂದಿಲ್ಲ. ಸಭಾಂಗಣದ ಮ್ಯೂಸಿಯಂಗಳಿಗೆ ವಾರದ ನಡುವಿನ ದಿನ ಒಳ್ಳೆಯದು. ಸ್ವಯಂಸೇವಕರು ನಡೆಸುವ ಕಡೆಗಳಲ್ಲಿ ಇದು ತಿರುಗುಮುರುಗಾಗುತ್ತದೆ, ಶನಿವಾರ ಭಾನುವಾರಗಳಲ್ಲೇ ಬಲ್ಲವರು ಸಿಗುತ್ತಾರೆ, ನಿವೃತ್ತ ಚಾಲಕನೊಬ್ಬ ಟ್ರಾಮಿನ ವೇಗ ನಿಯಂತ್ರಿಸುವ ಕಂಟ್ರೋಲರಿನ ಮುಚ್ಚಳ ತೆಗೆದು ಒಳಗೆ ತೋರಿಸುವುದೂ ಉಂಟು.

ಮ್ಯೂಸಿಯಂ ಯಾರ ಕೈಯಲ್ಲಿದೆ ಎಂಬುದನ್ನೂ ಲಕ್ಷಿಸಬೇಕು. ಸಾರಿಗೆ ಸಂಸ್ಥೆಯೇ ಸ್ಥಾಪಿಸಿದ ಮ್ಯೂಸಿಯಂ ತನ್ನ ಸಂಸ್ಥೆಯ ಬೆಳವಣಿಗೆಯನ್ನು ಚೆನ್ನಾಗಿ ಹೇಳುತ್ತದೆ. ಮುಷ್ಕರ, ಅಪಘಾತ, ಮುಚ್ಚಿಹೋದ ಮಾರ್ಗಗಳ ಬಗ್ಗೆ ಅದರ ದನಿ ತಗ್ಗುವುದುಂಟು. ಹವ್ಯಾಸಿಗಳು ಕಟ್ಟಿದ್ದರಲ್ಲಿ ಗಾಡಿಯ ಬಣ್ಣ, ಮೋಟಾರಿನ ಮಾದರಿ, ತಯಾರಕರ ಹೆಸರು ಕರಾರುವಾಕ್ಕಾಗಿರುತ್ತವೆ, ಆದರೆ ಅದರಲ್ಲಿ ಯಾರು ಕೂತು ಎಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದರು ಎಂಬ ವಿಷಯ ಬರುವುದೇ ಅಪರೂಪ. ಎರಡರಲ್ಲೂ ಕಂಡಕ್ಟರನ ವಸ್ತುಗಳಿರುವ ಗಾಜಿನ ಪೆಟ್ಟಿಗೆಯನ್ನು ಹುಡುಕಿ ನೋಡುವುದು ನನ್ನ ರೂಢಿ. ಟಿಕೆಟಿಗೆ ರಂಧ್ರ ಹಾಕಿದಾಗಲೆಲ್ಲ ಗಂಟೆ ಹೊಡೆಯುತ್ತಿದ್ದ ಬೆಲ್ ಪಂಚ್ ಯಂತ್ರ ಅಲ್ಲಿದ್ದರೆ, ಕತ್ತರಿಸಿದ ಕಾಗದದ ಚೂರುಗಳು ಅದರ ಹೊಟ್ಟೆಯಲ್ಲೇ ಉಳಿಯುತ್ತಿದ್ದವು, ಅನುಮಾನ ಬಂದರೆ ಅವನ್ನು ಎಣಿಸಿ ಕಂಡಕ್ಟರನ ಲೆಕ್ಕ ಪರೀಕ್ಷಿಸಬಹುದಿತ್ತು ಎಂಬುದನ್ನು ಫಲಕ ಹೇಳುತ್ತದೆಯೇ ನೋಡಿ. ಹೇಳಿದ್ದರೆ ಆ ಮ್ಯೂಸಿಯಂನವರಿಗೆ ದುಡಿಮೆಯ ಕಡೆಗೂ ಗಮನವಿದೆ ಎಂದರ್ಥ.

ಸಾರಿಗೆಯ ಎಲ್ಲ ಬಗೆಗಳನ್ನೂ ಒಂದೆಡೆ ಇಟ್ಟಿರುವ ದೊಡ್ಡ ಮ್ಯೂಸಿಯಂಗಳನ್ನು, ಉದಾಹರಣೆಗೆ ಜಹಾ ಹದೀದ್ ವಿನ್ಯಾಸದ ಕಟ್ಟಡದಲ್ಲಿ 2011ರಲ್ಲಿ ತೆರೆದ ಗ್ಲಾಸ್ಗೊದ ರಿವರ್‌ಸೈಡ್ ಮ್ಯೂಸಿಯಂ ಅನ್ನು, ಈ ಹೋಲಿಕೆಯಿಂದ ಬೇಕೆಂದೇ ದೂರವಿಟ್ಟಿದ್ದೇನೆ. ಅಲ್ಲಿ ಒಳ್ಳೆಯ ಟ್ರಾಮುಗಳಿವೆ, ಆದರೆ ಹಡಗು, ಕಾರು, ಸೈಕಲ್ಲುಗಳ ನಡುವೆ ನಗರ ಸಾರಿಗೆ ಒಂದು ಅಧ್ಯಾಯ ಮಾತ್ರ.

ಇನ್ನು ಕ್ರಮದ ವಿಷಯ. ಲಂಡನ್, ನ್ಯೂಯಾರ್ಕ್, ಬುಡಾಪೆಸ್ಟ್‌ಗಳಲ್ಲಿ ಮ್ಯೂಸಿಯಂ ಮೊದಲು, ಊರಿನ ರೈಲು ಆಮೇಲೆ; ನಿಲ್ದಾಣದ ಅಕ್ಷರ, ಬಾಗಿಲ ಅಗಲ, ಸುರಂಗದ ಎತ್ತರ ಯಾಕೆ ಹಾಗಿವೆ ಎಂಬುದು ಪ್ರಯಾಣದಲ್ಲಿ ಹೊಳೆಯಲು ಅಷ್ಟು ಸಿದ್ಧತೆ ಬೇಕು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾತ್ರ ಇದನ್ನು ತಿರುವುಮುರುವು ಮಾಡಬೇಕು: ಮೊದಲು ಕೇಬಲ್ ಕಾರ್ ಹತ್ತಿ ಏರು ಹತ್ತುವಾಗ ಚಾಲಕನ ಕೈಯನ್ನೂ ಹಳಿಗಳ ನಡುವಿನ ಸೀಳನ್ನೂ ನೋಡಿಕೊಂಡು, ಮೇಸನ್ ಮತ್ತು ವಾಷಿಂಗ್ಟನ್ ಬೀದಿಗಳು ಕೂಡುವಲ್ಲಿ ಇಳಿದು ಮ್ಯೂಸಿಯಂ ಒಳಗೆ ಹೋಗಬೇಕು.